ನಿಮಗೆ ನಿಜಕ್ಕೂ ಹಿಡಿಸುವ ಗೇಮ್ ಮ್ಯೂಸಿಕ್ ಯಾವುದು ಅಂತ ಪತ್ತೆ ಹಚ್ಚುವುದು ಹೇಗೆ

ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯಾವ ಆ್ಯಪ್ ಕೂಡ ತೆರೆಯಬೇಡಿ. ನೀವು ಇಷ್ಟು ವರ್ಷ ಆಡಿದ ಗೇಮ್‌ಗಳಲ್ಲಿ ಈಗ ಕೂತಲ್ಲೇ ಗುನುಗಲು ಬರುವ ಟ್ಯೂನ್‌ಗಳನ್ನೆಲ್ಲ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಪರವಾಗಿಲ್ಲ. "ನೀರೊಳಗಿನ ಲೆವೆಲ್‌ದು", "ಆ ಹಿಮದ ಊರಿನದು", "ಸೋತಾಗ ಬರುವುದು" ಅಂತ ಬರೆದರೂ ಸಾಕು. ಹತ್ತು ನಿಮಿಷದಲ್ಲಿ ಐದಾರು ಸಿಕ್ಕರೆ ಚೆನ್ನಾಗೇ ಆಯಿತು.

ಇಲ್ಲಿಂದಲೇ ಶುರು ಮಾಡಿ ಅನ್ನುವುದಕ್ಕೆ ಕಾರಣ ಇದೆ. "ಎಲ್ಲಕ್ಕಿಂತ ಒಳ್ಳೆಯ ಸೌಂಡ್‌ಟ್ರ್ಯಾಕ್" ಪಟ್ಟಿಗಳನ್ನು ಮೊದಲೇ ಓದಿಬಿಟ್ಟರೆ, ಅಲ್ಲಿರುವ ಹೆಸರುಗಳೇ ನಮ್ಮ ಇಷ್ಟ ಅಂತ ಅನ್ನಿಸಿಬಿಡುತ್ತದೆ. ನಾನು ಬಹಳ ದಿನ ಎಲ್ಲರೂ ಮೆಚ್ಚಿದ ದೊಡ್ಡ ಆರ್ಕೆಸ್ಟ್ರಾ ಆಲ್ಬಂಗಳನ್ನೇ ಹಾಕಿಕೊಂಡು ಕೇಳುತ್ತಿದ್ದೆ. ಅವು ಒಳ್ಳೆಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾತ್ರೆ ತೊಳೆಯುವಾಗ ನನ್ನ ಬಾಯಿಗೆ ತಾನಾಗಿ ಬರುತ್ತಿದ್ದದ್ದು ಮಾತ್ರ 16 ಬಿಟ್ ಕಾಲದ, ಅಂದರೆ ತೊಂಬತ್ತರ ದಶಕದ ಶುರುವಿನ ಗೇಮ್ ಯಂತ್ರಗಳ ಟ್ಯೂನ್‌ಗಳು. ಆವತ್ತಿನಿಂದ ನಾನು ಪಟ್ಟಿಗಳಿಗಿಂತ ಬಾಯನ್ನೇ ಜಾಸ್ತಿ ನಂಬುತ್ತೇನೆ.

ನೆನಪೋ, ಕಿವಿಯೋ

ಈಗ ಆ ಹಾಳೆಯಲ್ಲಿರುವ ಒಂದೊಂದನ್ನೂ ಹುಡುಕಿ ಕೇಳಿ. ಗೇಮ್ ಆನ್ ಮಾಡಬೇಡಿ, ಆಟದ ವಿಡಿಯೋ ನೋಡುತ್ತಾ ಕೇಳಬೇಡಿ. ಬರೀ ಶಬ್ದ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಇನ್ನೊಂದು ಸಲ ಕೇಳಬೇಕು ಅನ್ನಿಸುತ್ತಿದೆಯಾ, ಇಲ್ಲ ಆ ಗೇಮನ್ನು ಇನ್ನೊಂದು ಸಲ ಆಡಬೇಕು ಅನ್ನಿಸುತ್ತಿದೆಯಾ?

ಎರಡೂ ಬೇರೆ ಬೇರೆ. ಕೆಲವು ಟ್ಯೂನ್‌ಗಳನ್ನು ನಾವು ಇಷ್ಟಪಡುವುದು ಆ ವಯಸ್ಸಿಗಾಗಿ, ಪಕ್ಕದಲ್ಲಿ ಕೂತಿದ್ದ ಅಣ್ಣನಿಗಾಗಿ, ರಜೆಗಾಗಿ. ಅದರಲ್ಲಿ ತಪ್ಪೇನೂ ಇಲ್ಲ, ಅವುಗಳನ್ನು ಹಾಳೆಯಿಂದ ಹೊಡೆದುಹಾಕಬೇಡಿ. ಪಕ್ಕದಲ್ಲಿ "ನೆನಪು" ಅಂತ ಬರೆಯಿರಿ, ಅಷ್ಟೇ. ಇನ್ನೊಂದು ಸಲ ಕೇಳಬೇಕು ಅನ್ನಿಸಿದ್ದಕ್ಕೆ "ಕಿವಿ" ಅಂತ ಬರೆಯಿರಿ. ಎರಡೂ ಇದ್ದರೆ ಎರಡನ್ನೂ ಬರೆಯಿರಿ. ಹೊಸ ಸಂಗೀತ ಹುಡುಕಲು ಹೊರಟಾಗ ದಾರಿ ತೋರಿಸುವುದು "ಕಿವಿ" ಅಂತ ಬರೆದವು. "ನೆನಪು" ಅಂತ ಬರೆದವು ಅವುಗಳ ಪಾಡಿಗೆ ಸುಖವಾಗಿ ಇರುತ್ತವೆ.

ಲೂಪ್‌ನ ಪರೀಕ್ಷೆ

ಸಿನಿಮಾಗೆ ಸಂಗೀತ ಮಾಡುವವರಿಗೆ ದೃಶ್ಯ ಎಷ್ಟು ಹೊತ್ತು ಅಂತ ಗೊತ್ತಿರುತ್ತದೆ. ಗೇಮ್‌ಗೆ ಮಾಡುವವರಿಗೆ ಗೊತ್ತಿರುವುದಿಲ್ಲ. ನೀವು ಒಂದು ಗುಹೆಯಲ್ಲಿ ಎರಡು ನಿಮಿಷ ಇರಬಹುದು, ದಾರಿ ಸಿಗದೆ ಎರಡು ಗಂಟೆ ಕೂಡ ಇರಬಹುದು. ಅದಕ್ಕೇ ಟ್ಯೂನ್ ಲೂಪ್ ಆಗಿ, ಅಂದರೆ ಸುತ್ತಿ ಸುತ್ತಿ, ಬರುತ್ತದೆ, ಮತ್ತು ಹಾಗೆ ಬಂದರೂ ತಲೆ ಕೆಡಿಸಬಾರದು. ನನ್ನ ಪ್ರಕಾರ ಗೇಮ್ ಸಂಗೀತದ ಎಲ್ಲಕ್ಕಿಂತ ಕಷ್ಟದ ಕೆಲಸ ಇದು.

1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಇದ್ದದ್ದು ಬರೀ ನಾಲ್ಕು ಸ್ವರ, ಕೆಳಕ್ಕೆ ಇಳಿಯುವ ದಪ್ಪ ಸ್ವರಗಳು. ಶತ್ರುಗಳು ಕಡಿಮೆಯಾದಂತೆ ಅವುಗಳ ವೇಗ ಜಾಸ್ತಿಯಾಗುತ್ತದೆ, ಆಡುವವರ ಎದೆ ಬಡಿತವೂ ಜಾಸ್ತಿಯಾಗುತ್ತದೆ. 1985ರಲ್ಲಿ ಸೂಪರ್ ಮಾರಿಯೋ ಬ್ರದರ್ಸ್‌ಗೆ ಕೋಜಿ ಕೊಂಡೊ ಸಂಗೀತ ಮಾಡಿದಾಗ ಆ ಗೇಮ್ ಓಡುತ್ತಿದ್ದ ನಿಂಟೆಂಡೊ ಯಂತ್ರದಲ್ಲಿ ಇದ್ದದ್ದು ಐದೇ ಚಾನೆಲ್, ಅಂದರೆ ಒಟ್ಟಿಗೆ ನುಡಿಯಲು ಐದೇ ದನಿ. ಹಾಗಾಗಿ ಸ್ವರಗಳ ಹೆಣಿಗೆಯೇ ಗಟ್ಟಿ ಇರಬೇಕಿತ್ತು, ಅಲಂಕಾರದ ಹಿಂದೆ ಅಡಗಿಕೊಳ್ಳಲು ಜಾಗವೇ ಇರಲಿಲ್ಲ. ಆ ಟ್ಯೂನನ್ನು 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಿ ಇಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಗೇಮ್ ಸಂಗೀತಕ್ಕೆ ಆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ಅದೇ ಮೊದಲು.

ಪರೀಕ್ಷೆ ಹೀಗೆ ಮಾಡಿ. "ಕಿವಿ" ಅಂತ ಬರೆದ ಒಂದು ಟ್ಯೂನನ್ನು ರಿಪೀಟ್‌ನಲ್ಲಿ ಹಾಕಿ, ಬೇರೆ ಏನಾದರೂ ಕೆಲಸ ಮಾಡುತ್ತಾ ಅರ್ಧ ಗಂಟೆ ಬಿಡಿ. ಹತ್ತನೇ ನಿಮಿಷಕ್ಕೆ ಆಫ್ ಮಾಡಬೇಕು ಅನ್ನಿಸಿದರೆ, ಆ ಟ್ಯೂನಿನಲ್ಲಿ ನಿಮಗೆ ಇಷ್ಟವಾದದ್ದು ಅದರ ಮೊದಲ ಏಟು. ಅರ್ಧ ಗಂಟೆಯಾದರೂ ಸುಮ್ನೆ ಕೂತು ಕೇಳುತ್ತಿದ್ದರೆ, ಅದು ಬೇರೆಯೇ ಜಾತಿ. ಡಾಂಕಿ ಕಾಂಗ್ ಕಂಟ್ರಿ ಅನ್ನುವ 1994ರ ಗೇಮ್‌ನಲ್ಲಿ ನೀರೊಳಗಿನ ಲೆವೆಲ್‌ಗೆ ಡೇವಿಡ್ ವೈಸ್ ಮಾಡಿದ ಟ್ಯೂನ್ ನನಗೆ ಹಾಗೆ. ಅದು ಎಲ್ಲಿ ಮುಗಿದು ಎಲ್ಲಿ ಮತ್ತೆ ಶುರುವಾಯಿತು ಅಂತ ಗಮನಕ್ಕೇ ಬರುವುದಿಲ್ಲ. ಇನ್ನೊಂದು ಕಡೆ, ಮೈ ಜುಮ್ ಅನ್ನಿಸುವ ಎಷ್ಟೋ ಬಾಸ್ ಫೈಟ್ (ದೊಡ್ಡ ಶತ್ರುವಿನ ಜೊತೆಗಿನ ಹೊಡೆದಾಟ) ಟ್ಯೂನ್‌ಗಳು ನನಗೆ ಎರಡು ಸುತ್ತಿನಾಚೆಗೆ ಬೇಡ. ಫೈನಲ್ ಫ್ಯಾಂಟಸಿ ಏಳರ ಕೊನೆಯ ಬಾಸ್‌ಗೆ ನೊಬುವೊ ಉಯೆಮಾತ್ಸು ಮಾಡಿದ, ಲ್ಯಾಟಿನ್‌ನಲ್ಲಿ ಹಾಡುವ ಗುಂಪಿನ ದನಿ ಇರುವ ಆ ಟ್ಯೂನ್ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ತಿಂಗಳಿಗೊಂದು ಸಲ ಕೇಳಿದರೆ ನನಗೆ ಸಾಕು, ನಿಮಗೆ ಅದೇ ದಿನಾ ಬೇಕಾಗಬಹುದು.

ಒಂದು ವಿಷಯ ಮರೆಯಬೇಡಿ. ಸಂಗೀತ ಎಲ್ಲಿ ಇಲ್ಲ ಅನ್ನುವುದೂ ಗೇಮ್ ಸಂಗೀತದ ಭಾಗವೇ. 2005ರ ಶ್ಯಾಡೋ ಆಫ್ ದಿ ಕೊಲೋಸಸ್‌ನಲ್ಲಿ ಕುದುರೆ ಏರಿ ಹೋಗುವಾಗ ಕೇಳುವುದು ಗೊರಸಿನ ಸದ್ದು, ಗಾಳಿ, ಅಷ್ಟೇ. ಕೊಲ್ಲಬೇಕಾದ ದೈತ್ಯ ಎದುರಾದಾಗ ಕೋ ಓತಾನಿಯ ಸಂಗೀತ ಏಳುತ್ತದೆ, ಅದು ಬಿದ್ದಾಗ ಗೆಲುವಿನ ಕಹಳೆ ಬರುವುದಿಲ್ಲ, ದುಃಖದ ರಾಗ ಬರುತ್ತದೆ. ಆ ನಿಶ್ಶಬ್ದ ಇಲ್ಲದಿದ್ದರೆ ಆ ರಾಗ ಅಷ್ಟು ಭಾರವಾಗಿ ಬೀಳುತ್ತಿತ್ತಾ? ಮೈನ್‌ಕ್ರಾಫ್ಟ್‌ನದ್ದೂ ಇದೇ ಬಗೆ. ಸಿ418 ಅನ್ನುವ ಹೆಸರಿನಲ್ಲಿ ಡೇನಿಯಲ್ ರೋಸೆನ್‌ಫೆಲ್ಡ್ ಮಾಡಿದ ಪಿಯಾನೋ ತುಣುಕುಗಳು ಯಾವಾಗಲೋ ಒಮ್ಮೆ ಬಂದು ಹೋಗುತ್ತವೆ, ನಡುವೆ ನಿಮಿಷಗಟ್ಟಲೆ ಏನೂ ಇಲ್ಲ. ನಿಮ್ಮ ಹಾಳೆಯಲ್ಲಿ ಇಂಥವೇ ಜಾಸ್ತಿ ಇದ್ದರೆ, ನಿಮಗೆ ಬೇಕಾದದ್ದು ಜಾಗ ಬಿಟ್ಟುಕೊಡುವ ಸಂಗೀತ. ಗಟ್ಟಿ ಟ್ಯೂನ್ ಹುಡುಕುತ್ತಾ ಹೋದರೆ ನಿರಾಸೆಯಾಗುತ್ತದೆ.

ಯಂತ್ರದ ದನಿ

ಹಳೆಯ ಗೇಮ್‌ಗಳನ್ನು ಇಷ್ಟಪಡುವವರು ಇಲ್ಲಿ ಸ್ವಲ್ಪ ನಿಲ್ಲಿ. ನಾವು ಎಷ್ಟೋ ಸಲ ಟ್ಯೂನನ್ನು ಇಷ್ಟಪಡುತ್ತಿದ್ದೇವೆ ಅಂದುಕೊಂಡು ನಿಜದಲ್ಲಿ ಯಂತ್ರದೊಳಗೆ ಶಬ್ದ ಹುಟ್ಟಿಸುವ ಚಿಪ್ ಅನ್ನು ಇಷ್ಟಪಡುತ್ತಿರುತ್ತೇವೆ.

ಎಂಬತ್ತರ ದಶಕದ ಮನೆ ಕಂಪ್ಯೂಟರ್ ಕಾಮಡೋರ್ 64ರ ಸಿಡ್ ಚಿಪ್‌ನಲ್ಲಿ ಒಟ್ಟಿಗೆ ನುಡಿಯುವ ದನಿಗಳು ಮೂರೇ. ಅದರಲ್ಲಿ ರಾಬ್ ಹಬಾರ್ಡ್, ಮಾರ್ಟಿನ್ ಗಾಲ್ವೇ ಅಂಥವರು ಸ್ವರಗಳನ್ನು ಒಂದರ ಹಿಂದೆ ಒಂದು ಎಷ್ಟು ಬೇಗ ಓಡಿಸುತ್ತಿದ್ದರು ಅಂದರೆ, ನಮ್ಮ ಕಿವಿಗೆ ಅವು ಒಟ್ಟಿಗೇ ಕೇಳುತ್ತಿದ್ದವು. ಸೆಗಾ ಕಂಪನಿಯ ಮೆಗಾ ಡ್ರೈವ್ ಅನ್ನುವ ಗೇಮ್ ಯಂತ್ರದಲ್ಲಿ ಯಮಹಾದ ಎಫ್‌ಎಂ ಚಿಪ್ ಇತ್ತು. ಒಂದು ಅಲೆ ಇನ್ನೊಂದು ಅಲೆಯನ್ನು ಅಲುಗಾಡಿಸಿ ಶಬ್ದ ಹುಟ್ಟಿಸುವ ಬಗೆ ಅದು. ಅದರಿಂದ ಬರುವ ದಪ್ಪ ಸ್ವರಗಳಿಗೆ ಲೋಹದ ಒಂದು ಗೀರು ಇರುತ್ತದೆ. ಅದರ ಎದುರಾಳಿ ಯಂತ್ರ ಸೂಪರ್ ನಿಂಟೆಂಡೊ ಬೇರೆ ದಾರಿ ಹಿಡಿಯಿತು: ನಿಜ ವಾದ್ಯಗಳ ಚಿಕ್ಕ ಚಿಕ್ಕ ತುಣುಕುಗಳನ್ನು ರೆಕಾರ್ಡ್ ಮಾಡಿ, 64 ಕೆಬಿ ಮೆಮೊರಿಯಲ್ಲಿ ತುರುಕಿ, ಎಂಟು ಚಾನೆಲ್‌ನಲ್ಲಿ ನುಡಿಸುವುದು. 64 ಕೆಬಿ ಅಂದರೆ ಈಗಿನ ಫೋನಿನ ಒಂದು ಫೋಟೋಗಿಂತ ಎಷ್ಟೋ ಚಿಕ್ಕದು. ಹಾಗಾಗಿ ಅದರ ದನಿಗೆ ಒಂದು ಮಂಜು ಕವಿದ ಹಾಗಿನ ಮೃದುತನ ಬಂತು.

ನಿಮ್ಮದು ಯಾವುದು ಅಂತ ತಿಳಿಯಲು 1992ರ ಸ್ಟ್ರೀಟ್ಸ್ ಆಫ್ ರೇಜ್ 2 ಮತ್ತು 1995ರ ಕ್ರೋನೋ ಟ್ರಿಗರ್, ಇವೆರಡನ್ನು ಒಂದಾದ ಮೇಲೊಂದು ಕೇಳಿ. ಮೊದಲನೆಯದು ಮೆಗಾ ಡ್ರೈವ್, ಯೂಜೋ ಕೊಶಿರೊ ಕ್ಲಬ್ ಸಂಗೀತವನ್ನು ಆ ಚಿಪ್‌ಗೆ ಇಳಿಸಿದ್ದು. ಎರಡನೆಯದು ಸೂಪರ್ ನಿಂಟೆಂಡೊ, ಬಹುಪಾಲು ಯಸುನೊರಿ ಮಿತ್ಸುದಾ ಮಾಡಿದ್ದು. ಅಲ್ಲಿಯವರೆಗೆ ಗೇಮ್‌ಗಳ ಸೌಂಡ್ ಎಫೆಕ್ಟ್ ಮಾಡುತ್ತಿದ್ದ ಹುಡುಗ ಆತ, ಸಂಗೀತ ಮಾಡಲು ಸಿಕ್ಕ ಮೊದಲ ಅವಕಾಶಕ್ಕೆ ಹೊಟ್ಟೆಹುಣ್ಣು ಬರುವಷ್ಟು ದುಡಿದರು, ಉಳಿದದ್ದನ್ನು ಉಯೆಮಾತ್ಸು ಬಂದು ಪೂರ್ತಿ ಮಾಡಿದರು. ಮೊದಲನೆಯದನ್ನು ಕೇಳಿ ಕಾಲು ತಾಳ ಹಾಕಿತೋ, ಎರಡನೆಯದನ್ನು ಕೇಳಿ ಕಣ್ಣು ಮುಚ್ಚಿಕೊಂಡಿರೋ? ನನಗೆ ಬೆಳಗ್ಗೆ ಕೊಶಿರೊ ಬೇಕು, ರಾತ್ರಿ ಮಿತ್ಸುದಾ ಬೇಕು. ಒಂದನ್ನೇ ಆರಿಸು ಅಂದರೆ ಮಿತ್ಸುದಾ.

ಗೇಮ್ ಒಳಗೆ ನಿಂತು ಕೇಳಿ

ಇಲ್ಲಿಯವರೆಗೆ ಗೇಮ್ ಆಫ್ ಮಾಡಿ ಕೇಳಿ ಅಂದೆ. ಈಗ ಆನ್ ಮಾಡಿ. ಆಲ್ಬಂನಲ್ಲಿ ಯಾವತ್ತೂ ಪೂರ್ತಿ ಸಿಗದ ಒಂದು ಸಂಗತಿ ಗೇಮ್ ಸಂಗೀತದಲ್ಲಿದೆ: ಅದು ನೀವು ಮಾಡುವುದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. 1991ರಲ್ಲೇ ಮಂಕಿ ಐಲ್ಯಾಂಡ್ 2ಕ್ಕಾಗಿ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಐಮ್ಯೂಸ್ ಅನ್ನುವ ವ್ಯವಸ್ಥೆ ಕಟ್ಟಿದ್ದರು. ಒಂದು ಜಾಗದಿಂದ ಇನ್ನೊಂದಕ್ಕೆ ಹೋದರೆ ಸಂಗೀತ ತುಂಡಾಗುವುದಿಲ್ಲ, ತಾಳ ತಪ್ಪದೆ ಮುಂದಿನದಕ್ಕೆ ಜಾರಿಕೊಳ್ಳುತ್ತದೆ. 2010ರ ರೆಡ್ ಡೆಡ್ ರಿಡೆಂಪ್ಷನ್‌ನ ಸಂಗೀತದ ಬಹುಪಾಲು ಒಂದೇ ಶ್ರುತಿ, ಒಂದೇ ವೇಗ, ಅಂದರೆ ಎ ಮೈನರ್, ನಿಮಿಷಕ್ಕೆ 130 ಬೀಟ್. ಯಾಕೆ ಅಂದರೆ ಯಾವ ತುಣುಕಿನ ಮೇಲೆ ಯಾವ ತುಣುಕು ಬಂದು ಕೂತರೂ ಅಪಸ್ವರ ಆಗಬಾರದು.

ಇದನ್ನು ಕೇಳುವ ಬಗೆ ಸುಲಭ. ಹೆಡ್‌ಫೋನ್ ಹಾಕಿ. ಸೆಟ್ಟಿಂಗ್‌ನಲ್ಲಿ ಎಫೆಕ್ಟ್‌ಗಳ ದನಿ ಅರ್ಧಕ್ಕೆ ಇಳಿಸಿ, ಮ್ಯೂಸಿಕ್ ಪೂರ್ತಿ ಇಡಿ. ಒಂದು ಕಡೆ ಸುಮ್ನೆ ನಿಂತು ಒಂದು ನಿಮಿಷ ಕೇಳಿ. ಆಮೇಲೆ ಶತ್ರುವಿನ ಹತ್ತಿರ ಹೋಗಿ, ಏನು ಸೇರಿಕೊಂಡಿತು ನೋಡಿ. ಬರೀ ಡ್ರಮ್ಮಾ? ಹಾಡುವ ದನಿಯಾ? ವಾಪಸ್ ಓಡಿ ಬಂದು, ಯಾವುದು ಮೊದಲು ಇಳಿಯುತ್ತದೆ ಗಮನಿಸಿ. ಇದಕ್ಕೆ ನಿಯರ್ ಆಟೊಮಾಟಾಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. 2017ರ ಗೇಮ್, ಸಂಗೀತ ಕೇಯಿಚಿ ಒಕಾಬೆ ಮತ್ತು ತಂಡದ್ದು. ಒಂದೇ ಟ್ಯೂನಿಗೆ ಮೆಲ್ಲನೆಯದು, ಜೋರಿನದು, ಹಾಡು ಇರುವುದು, ಇಲ್ಲದಿರುವುದು ಅಂತ ಹಲವು ರೂಪ. ಶತ್ರು ಯಂತ್ರಗಳ ಒಳಗೆ ನುಗ್ಗುವ ಹ್ಯಾಕಿಂಗ್ ಶುರು ಮಾಡಿದ ಕೂಡಲೇ ಅದೇ ಟ್ಯೂನ್, ಅದೇ ಜಾಗದಿಂದ, 8 ಬಿಟ್ ದನಿಗೆ, ಅಂದರೆ ಹಳೆಯ ಗೇಮ್‌ಗಳ ಬೀಪ್ ದನಿಗೆ, ತಿರುಗುತ್ತದೆ. ಮೊದಲ ಸಲ ಅದನ್ನು ಗಮನಿಸಿದಾಗ ನಾನು ಆಟ ಬಿಟ್ಟು ಹ್ಯಾಕಿಂಗ್ ಒಳಗೆ ಹೊರಗೆ ಹೋಗುತ್ತಲೇ ಇದ್ದೆ. ಇನ್ನೂ ಹಳೆಯದು ಬೇಕಿದ್ದರೆ 1998ರ ಬ್ಯಾಂಜೋ ಕಝೂಯಿ. ಮಾಟಗಾತಿಯ ಕೋಟೆಯಲ್ಲಿ ಯಾವ ಲೋಕದ ಬಾಗಿಲ ಹತ್ತಿರ ಹೋಗುತ್ತೀರೋ ಆ ಲೋಕದ ವಾದ್ಯಗಳನ್ನು ಅದೇ ಟ್ಯೂನ್ ತೊಟ್ಟುಕೊಳ್ಳುತ್ತದೆ.

ಔಟರ್ ವೈಲ್ಡ್ಸ್ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 2019ರದ್ದು, ಸಂಗೀತ ಆಂಡ್ರೂ ಪ್ರಾಲೋ. ಬೇರೆ ಬೇರೆ ಗ್ರಹಗಳಲ್ಲಿ ಒಬ್ಬೊಬ್ಬ ಪಯಣಿಗ ಕೂತು ಒಂದೊಂದು ವಾದ್ಯ ನುಡಿಸುತ್ತಿರುತ್ತಾನೆ, ಒಬ್ಬನದು ಬ್ಯಾಂಜೋ, ಇನ್ನೊಬ್ಬನದು ಹಾರ್ಮೋನಿಕಾ. ನಿಮ್ಮ ಕೈಯಲ್ಲಿ ದೂರದ ಶಬ್ದ ಹಿಡಿಯುವ ಒಂದು ಉಪಕರಣ ಇರುತ್ತದೆ. ಆಕಾಶದಲ್ಲಿ ದೂರ ಹೋಗಿ ಅದನ್ನು ಸರಿಯಾದ ಕಡೆಗೆ ತಿರುಗಿಸಿದರೆ ಎಲ್ಲರ ವಾದ್ಯಗಳೂ ಒಂದೇ ಹಾಡಾಗಿ ಸೇರುತ್ತವೆ. ಯಾರೂ ಇದನ್ನು ಹೇಳಿಕೊಡುವುದಿಲ್ಲ. ಕೇಳುವವರಿಗೆ ಮಾತ್ರ ಸಿಗುತ್ತದೆ. ಈ ಗೇಮನ್ನು ಆಡದೆ ಆಲ್ಬಂ ಕೇಳಬೇಡಿ, ದಯವಿಟ್ಟು.

ಹೆಸರು ಹಿಡಿದು ಹೋಗಿ

ಗೇಮ್ ಮುಗಿದಾಗ ಬರುವ ಹೆಸರುಗಳ ಪಟ್ಟಿಯನ್ನು ಸ್ಕಿಪ್ ಮಾಡಬೇಡಿ. ಸಂಗೀತ ಮಾಡಿದವರ ಹೆಸರು ಅಲ್ಲಿರುತ್ತದೆ, ಮತ್ತು ಹೊಸದನ್ನು ಹುಡುಕಲು ಅದಕ್ಕಿಂತ ಒಳ್ಳೆಯ ಎಳೆ ಇಲ್ಲ. ಒಂದು ಗೇಮ್ ಇಷ್ಟವಾದರೆ ಅಂಥದ್ದೇ ಇನ್ನೊಂದು ಗೇಮ್ ಹುಡುಕುತ್ತೇವೆ, ಆದರೆ ಸಂಗೀತ ಆ ದಾರಿಯಲ್ಲಿ ಸಿಗುವುದಿಲ್ಲ. ಕತ್ತಿ ಹಿಡಿದು ಓಡುವ ಎರಡು ಗೇಮ್‌ಗಳ ಸಂಗೀತಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲದಿರಬಹುದು. ಒಬ್ಬರೇ ಮಾಡಿದ ಎರಡು ಸಂಗೀತಗಳಲ್ಲಿ ಮಾತ್ರ ಏನೋ ಒಂದು ಗುರುತು ಉಳಿದಿರುತ್ತದೆ.

ಯೋಕೊ ಶಿಮೊಮುರಾ ಅವರನ್ನೇ ತೆಗೆದುಕೊಳ್ಳಿ. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಒಬ್ಬೊಬ್ಬ ಫೈಟರ್‌ಗೂ ಒಂದೊಂದು ಟ್ಯೂನ್, ಅದರಲ್ಲಿ ಬಹುಪಾಲು ಅವರದ್ದೇ. 1996ರಲ್ಲಿ ಸೂಪರ್ ಮಾರಿಯೋ ಆರ್‌ಪಿಜಿ, 2002ರಲ್ಲಿ ಕಿಂಗ್‌ಡಮ್ ಹಾರ್ಟ್ಸ್, 2016ರಲ್ಲಿ ಫೈನಲ್ ಫ್ಯಾಂಟಸಿ ಹದಿನೈದು. ಈ ಕ್ರಮದಲ್ಲೇ ಒಂದು ಸಂಜೆ ಕೂತು ಕೇಳಿ. ಹೊಡೆದಾಟದ ಗೇಮ್‌ನಿಂದ ಮೆಲ್ಲನೆ ಪಿಯಾನೋವರೆಗೆ ಬರುತ್ತೀರಿ, ಆದರೂ ಇದು ಅವರದ್ದೇ ಅಂತ ಎಲ್ಲೋ ಗೊತ್ತಾಗುತ್ತಿರುತ್ತದೆ. ಮಿತ್ಸುದಾ ಹಿಡಿಸಿದರೆ 1998ರ ಝೆನೊಗಿಯರ್ಸ್, 1999ರ ಕ್ರೋನೋ ಕ್ರಾಸ್ ಕಡೆ ಹೋಗಿ. ಕೊಶಿರೊ ಹಿಡಿಸಿದರೆ 1990ರ ಆ್ಯಕ್ಟ್‌ರೈಸರ್ ಕೇಳಿ, ಕ್ಲಬ್ ಸಂಗೀತ ಮಾಡಿದ ಅದೇ ಮನುಷ್ಯ ಆರ್ಕೆಸ್ಟ್ರಾದ ಹಾಗೆ ಬರೆದಿದ್ದಾರೆ. 2018ರ ಸೆಲೆಸ್ಟ್‌ನ ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ) ಸಂಗೀತ ಇಷ್ಟವಾದವರು, ಅದನ್ನು ಮಾಡಿದ ಲೀನಾ ರೇನ್ ಮೈನ್‌ಕ್ರಾಫ್ಟ್‌ಗೆ 2020ರಿಂದ ಮಾಡಿದ ಟ್ಯೂನ್‌ಗಳನ್ನು ಕೇಳಲೇಬೇಕು.

ಹೀಗೆ ಹೋಗುವಾಗ ಮರಳಿ ಮರಳಿ ಬರುವ ಟ್ಯೂನ್‌ಗಳ ಮೇಲೂ ಕಿವಿ ಇಡಿ. 2015ರ ಅಂಡರ್‌ಟೇಲ್‌ನ ಶುರುವಿನಲ್ಲಿ ಕಥೆ ಹೇಳುವಾಗ ಬರುವ ಚಿಕ್ಕ ಟ್ಯೂನೇ ಕೊನೆಯ ಹತ್ತಿರ ಗಿಟಾರ್ ಹಿಡಿದು ನಿಧಾನವಾಗಿ ಮರಳುತ್ತದೆ. ಟೋಬಿ ಫಾಕ್ಸ್ ಆ ಗೇಮಿನ 101 ಟ್ರ್ಯಾಕ್‌ಗಳಲ್ಲಿ ಇಂಥ ಎಷ್ಟೋ ಗಂಟುಗಳನ್ನು ಹಾಕಿದ್ದಾರೆ. 2012ರ ಜರ್ನಿಯಲ್ಲಿ ಆಸ್ಟಿನ್ ವಿಂಟರಿ ಒಂದು ಚೆಲ್ಲೋ ಟ್ಯೂನನ್ನು ಪಲ್ಲವಿಯ ಹಾಗೆ ಹಿಡಿದು ಇಡೀ ಗೇಮ್ ಬೆಳೆಸುತ್ತಾ ಹೋಗಿದ್ದಾರೆ. ಇಡೀ ಸೌಂಡ್‌ಟ್ರ್ಯಾಕ್ ಆಗಿ ಗ್ರ್ಯಾಮಿಗೆ ನಾಮನಿರ್ದೇಶನಗೊಂಡ ಮೊದಲ ಗೇಮ್ ಸಂಗೀತ ಅದು. ಇದನ್ನು ಪತ್ತೆ ಹಚ್ಚಲು ಸಂಗೀತ ಕಲಿತಿರಬೇಕಾಗಿಲ್ಲ. ಟ್ಯೂನನ್ನು ಬಾಯಲ್ಲಿ ಗುನುಗಿ ಇಟ್ಟುಕೊಳ್ಳಿ, ಬೇರೆ ಟ್ರ್ಯಾಕ್‌ನಲ್ಲಿ ಬಂದಾಗ ಬಾಯಿಯೇ ಗುರುತು ಹಿಡಿಯುತ್ತದೆ.

ಕೇಳುವಾಗ ನೆನಪಿರಲಿ

ಮೊದಲು ಗೇಮ್‌ನಲ್ಲಿದ್ದ ಮೂಲ ರೂಪ ಕೇಳಿ, ಆಮೇಲೆ ಆರ್ಕೆಸ್ಟ್ರಾ, ಪಿಯಾನೋ, ಅಭಿಮಾನಿಗಳ ಕವರ್ ಎಲ್ಲ. ಕವರ್ ಮೊದಲು ಕೇಳಿದರೆ ಮೂಲ ತೆಳ್ಳಗೆ ಅನ್ನಿಸುತ್ತದೆ, ಅದು ಮೂಲಕ್ಕೆ ಮಾಡುವ ಅನ್ಯಾಯ. ಹಳೆಯ ಗೇಮ್‌ಗಳ ಸಂಗೀತ ಟಿವಿಯ ಸ್ಪೀಕರ್‌ನಲ್ಲಿ ಕೇಳಲು ಮಾಡಿದ್ದು, ಹಾಗಾಗಿ ಹೆಡ್‌ಫೋನ್‌ನಲ್ಲಿ ಚುಚ್ಚಿದರೆ ಒಂದು ಚಿಕ್ಕ ಸ್ಪೀಕರ್‌ಗೆ ಹಾಕಿ ನೋಡಿ. ಆಲ್ಬಂಗಳಲ್ಲಿ ಸಾಮಾನ್ಯವಾಗಿ ಲೂಪ್ ಎರಡು ಸುತ್ತು ಬಂದು ಮೆಲ್ಲಗೆ ಇಳಿದುಹೋಗುತ್ತದೆ, ಅದು ಅಲ್ಲಿಗೇ ಮುಗಿಯುವ ಹಾಡು ಅಂದುಕೊಳ್ಳಬೇಡಿ.

ಇನ್ನೂ ಆಡದ ಗೇಮಿನ ಆಲ್ಬಂ ಕೇಳಬಹುದಾ? ಕಥೆಯೇ ಜೀವಾಳವಾಗಿರುವ ಗೇಮ್ ಆದರೆ ಬೇಡ. ಟ್ರ್ಯಾಕ್‌ಗಳ ಹೆಸರಿನಲ್ಲೇ ಯಾರು ಸಾಯುತ್ತಾರೆ, ಕೊನೆಗೆ ಯಾರು ಎದುರಾಗುತ್ತಾರೆ ಅಂತ ಗೊತ್ತಾಗಿಬಿಡುತ್ತದೆ. ನನಗೊಂದು ಗೇಮಿನ ದೊಡ್ಡ ತಿರುವು ಹೀಗೇ ಹಾಳಾಯಿತು, ಇವತ್ತಿಗೂ ಬೇಜಾರಿದೆ. ಬೇರೆ ಥರದ ಗೇಮ್‌ಗಳದ್ದು ಧಾರಾಳವಾಗಿ ಕೇಳಿ. ಸಿವಿಲೈಸೇಶನ್ 4ರ ಮೆನುವಿನಲ್ಲಿ ಬರುವ ಸ್ವಾಹಿಲಿ ಹಾಡು, ಕ್ರಿಸ್ಟೊಫರ್ ಟಿನ್ ಮಾಡಿದ್ದು, 2011ರಲ್ಲಿ ಗ್ರ್ಯಾಮಿ ಗೆದ್ದಿತು. ಅದು ಒಂದೇ ಹಾಡಿಗೆ ಸಿಕ್ಕ ಗ್ರ್ಯಾಮಿ, ಆದರೂ ಗೇಮ್‌ಗಾಗಿ ಮಾಡಿದ ಸಂಗೀತಕ್ಕೆ ಅದೇ ಮೊದಲನೆಯದು. ಆ ಗೇಮನ್ನು ಒಂದು ಸಲವೂ ಆಡದವರೂ ಅದನ್ನು ಕೇಳಿ ಖುಷಿಪಡುತ್ತಾರೆ.

ಕೆಲಸ ಮಾಡುವಾಗ, ಓದುವಾಗ ಕೇಳಲು ಊರುಗಳ ಟ್ಯೂನ್, ನಕ್ಷೆಯಲ್ಲಿ ಓಡಾಡುವಾಗಿನ ಟ್ಯೂನ್ ಆರಿಸಿ. ಫೈಟ್‌ನವು ಬೇಡ, ಗಮನ ಎಲ್ಲ ಅಲ್ಲಿಗೇ ಹೋಗುತ್ತದೆ.

ಪಟ್ಟಿ ಬರೆಯಿರಿ

ಎರಡು ಮೂರು ವಾರ ಹೀಗೆ ಕೇಳಿದ ಮೇಲೆ ಹೊಸ ಹಾಳೆ ತೆಗೆದುಕೊಂಡು ಹತ್ತು ಟ್ರ್ಯಾಕ್ ಬರೆಯಿರಿ. ಒಂದು ಗೇಮಿಗೆ ಒಂದೇ. ಈ ನಿಯಮ ಕಷ್ಟ, ಆದರೆ ಇದೇ ಮುಖ್ಯ, ಇಲ್ಲದಿದ್ದರೆ ಹತ್ತರಲ್ಲಿ ಆರು ಒಂದೇ ಗೇಮಿನವು ಆಗುತ್ತವೆ. ಒಂದೊಂದರ ಮುಂದೆ ಒಂದು ಸಾಲು ಕಾರಣ ಬರೆಯಿರಿ. "ಅದ್ಭುತ", "ಸೂಪರ್" ಅನ್ನುವ ಪದಗಳು ಬೇಡ. ಯಾವ ವಾದ್ಯ, ಎಷ್ಟನೇ ಸೆಕೆಂಡು, ಆ ಹೊತ್ತಿಗೆ ಗೇಮಿನಲ್ಲಿ ಏನು ಆಗುತ್ತಿರುತ್ತದೆ ಅಂತ ಬರೆಯಿರಿ. ಕಾರಣ ಬರೆಯಲು ಬರದಿದ್ದರೆ ಆ ಟ್ರ್ಯಾಕನ್ನು ಇನ್ನೊಂದು ಸಲ ಕೇಳಿ. ಆಗಲೂ ಬರದಿದ್ದರೆ ಸಾಲನ್ನು ಖಾಲಿ ಬಿಡಿ, ಟ್ರ್ಯಾಕ್ ತೆಗೆಯಬೇಡಿ.

ಯಾರಾದರೂ ಗೆಳೆಯರಿಗೆ ಆ ಪಟ್ಟಿ ಕೊಟ್ಟು ಅವರದ್ದು ಕೇಳಿ ಪಡೆಯಿರಿ. ಒಟ್ಟಿಗೆ ಹತ್ತೂ ಕಳಿಸಬೇಡಿ, ಯಾರೂ ಕೇಳುವುದಿಲ್ಲ. ಒಂದು ಕಳಿಸಿ, ಆ ಒಂದು ಸಾಲಿನ ಜೊತೆ. ನಾನು ಸಾಮಾನ್ಯವಾಗಿ ಮೊದಲು ಕಳಿಸುವುದು ಕ್ರೋನೋ ಟ್ರಿಗರ್‌ನಲ್ಲಿ ಮೋಡಗಳ ಮೇಲಿನ ಆ ಹಳೆಯ ರಾಜ್ಯದಲ್ಲಿ ಬರುವ ಟ್ಯೂನ್. ನನ್ನ ಸಾಲು ಹೀಗಿದೆ: "ಹೊರಗೆ ಹಿಮ ಸುರಿಯುತ್ತಿದೆ, ಮೇಲೆ ಹತ್ತಿ ಬಂದರೆ ಬಿಸಿಲು, ಸಿತಾರಿನ ಹಾಗಿನ ಒಂದು ದನಿ ಹಿಂದೆ ಝೇಂಕರಿಸುತ್ತಿರುತ್ತದೆ, ಮುಂದೆ ಹೋಗಲು ಮನಸ್ಸೇ ಬರುವುದಿಲ್ಲ."